ಬುಧವಾರದ ಹನಿ

ಕೊಬ್ಬಿನ ಗುರುವಾರ ಜಾಮು ತುಂಬಿ ಕರಿದ ಒಂದು ಪೊಂಚ್ಕಿಯಾದರೂ ತಿನ್ನದವನಿಗೆ ವರ್ಷವಿಡೀ ಒಳ್ಳೆಯದಾಗುವುದಿಲ್ಲ ಎಂದು ವಿಟೋಲ್ಡನ ತಾಯಿ ಹೇಳುತ್ತಿದ್ದಳು. ಬೆಳಗಿನ ಆರೂವರೆಗೇ ಬೇಕರಿಯ ಮುಂದೆ ಬೆಳೆದಿದ್ದ ಸಾಲನ್ನು ಟ್ರಾಲಿಬಸ್ಸಿನ ಕಿಟಕಿಯಿಂದ ಕಂಡಾಗ ಅವನಿಗೆ ಆ ಮಾತು ನೆನಪಾಯಿತು. ಉಪವಾಸದ ನಲವತ್ತು ದಿನ ಶುರುವಾಗುವ ಮುಂಚೆ ಹೊಟ್ಟೆ ತುಂಬಿಸಿಕೊಳ್ಳಬೇಕೆಂಬ ಆತುರ ಆ ಮುಖಗಳಲ್ಲಿತ್ತು, ಅವರಲ್ಲಿ ಅರ್ಧ ಜನ ಉಪವಾಸ ಮಾಡುವವರೇ ಅಲ್ಲ. ಇಳಿದು ಒಂದು ತಿಂದು ಹೋಗಬಹುದಿತ್ತು. ಆದರೆ ಅವನು ಒಂದು ಗಂಟೆ ಮುಂಚೆ ಮನೆ ಬಿಟ್ಟದ್ದು ತಿನ್ನುವುದಕ್ಕಲ್ಲ. ಮೇಸ್ತ್ರಿ ಬರುವುದರೊಳಗೆ ಮೇಸ್ತ್ರಿಯ ಕೋಣೆಗೆ ಹೋಗಿ ಒಂದು ಗಾಜಿನ ಹನಿಯನ್ನು ಹುಡುಕಿ ಜೇಬಿಗೆ ಹಾಕಿಕೊಳ್ಳಬೇಕಿತ್ತು. ಹೀಗೆ ನೇರವಾಗಿ ಅಂದುಕೊಂಡಾಗ ಅದು ಕಳ್ಳತನ ಅಂತ ತೋರಿ, ನಲವತ್ತೊಂಬತ್ತು ವರ್ಷದ ಡಾಕ್ಟರ್ ವಿಟೋಲ್ಡ್ ಗ್ರುದಾ ಎದುರಿನ ಸೀಟಿನ ಮುದುಕಿಯಿಂದ ಮುಖ ಆಚೆ ತಿರುಗಿಸಿಕೊಂಡ. ಮುದುಕಿ ಅವನನ್ನು ನೋಡುತ್ತಲೇ ಇರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಗಿತ್ತು ಅವನ ಬಾಳು, ಹದಿನೈದು ತಿಂಗಳಿಂದ.

ಅವನು ಕೆಲಸ ಮಾಡುವ ಸಂಶೋಧನಾ ಸಂಸ್ಥೆಯ ನೆಲಮಹಡಿಯಲ್ಲಿ ಮೇಸ್ತ್ರಿಯ ಕೋಣೆ. ಹೆಸರು ಯೂಲಿಯಾನ್ ಸೊವಾ, ಆದರೆ ನಿರ್ದೇಶಕಿಯಿಂದ ಹಿಡಿದು ನೆಲ ಒರೆಸುವವಳವರೆಗೆ ಎಲ್ಲರಿಗೂ ಅವರು ಮೇಸ್ತ್ರಿಯೇ. ಮೂವತ್ತೆಂಟು ವರ್ಷ ಅವರು ಮಾಡಿದ ಕೆಲಸ ಒಂದೇ. ಶ್ಯಾವಿಗೆಯಷ್ಟು ಸಣ್ಣ ಗಾಜಿನ ಕಡ್ಡಿಗಳನ್ನು ಚಿಮಟದಿಂದ ಒಂದೊಂದಾಗಿ ಎತ್ತಿ, ಜೇನುಗೂಡಿನ ಕ್ರಮದಲ್ಲಿ ಪೇರಿಸಿ, ಗಾಜಿನ ಕೊಳವೆಯೊಳಗೆ ಬಿಗಿದು ದಿಂಡು ಕಟ್ಟುವುದು. ಆ ದಿಂಡನ್ನು ಮೂರು ಮಹಡಿ ಎತ್ತರದ ಗೋಪುರದ ತುದಿಯಲ್ಲಿರುವ ಕುಲುಮೆಗೆ ಇಳಿಸಿದರೆ, ಕಾದ ಗಾಜು ಮೆತ್ತಗಾಗಿ ತುದಿಯಲ್ಲಿ ಮೊದಲು ಒಂದು ದಪ್ಪ ಹನಿ ಕಟ್ಟುತ್ತದೆ. ಹನಿ ತನ್ನ ಭಾರಕ್ಕೆ ತಾನೇ ಜಾರಿ ಕೆಳಕ್ಕೆ ಬೀಳುತ್ತದೆ, ಬೀಳುವಾಗ ಬಾಲದಂತೆ ಕೂದಲೆಳೆಯನ್ನು ಎಳೆದು ತರುತ್ತದೆ. ಆ ಎಳೆಯನ್ನು ಹಿಡಿದು ಸುರುಳಿಗೆ ಸುತ್ತುತ್ತ ಹೋದರೆ ಕಿಲೋಮೀಟರುಗಟ್ಟಲೆ ಲೇಸರಿನ ಎಳೆ. ಹನಿ ಯಾರಿಗೂ ಬೇಡ, ಕತ್ತರಿಸಿ ಕಸಕ್ಕೆ ಹಾಕುವಂಥದ್ದು. ಆದರೆ ಹನಿ ಎಳೆದವನಿಗೆ ಸೇರಿದ್ದು ಎಂಬ ರೂಢಿ ಇಲ್ಲಿ ಮೇಸ್ತ್ರಿಯ ಗುರುವಿನ ಕಾಲದಿಂದಲೂ ಇತ್ತು. ಮೇಸ್ತ್ರಿ ಒಂದನ್ನೂ ಎಸೆದವರಲ್ಲ. ಸಾಸಿವೆ ಗೊಜ್ಜು ಖಾಲಿಯಾದ ಗಾಜಿನ ಲೋಟಗಳಲ್ಲಿ, ತಿಂಗಳಿಗೊಂದು ಲೋಟದಂತೆ, ಹನಿಗಳಿಗೆ ದಾರ ಕಟ್ಟಿ, ದಾರಕ್ಕೆ ತಾರೀಕಿನ ಚೀಟಿ ಕಟ್ಟಿ ಕಿಟಕಿಯ ಕಟ್ಟೆಯ ಮೇಲೂ ಅಟ್ಟಗಳ ಮೇಲೂ ಸಾಲಾಗಿ ಇಟ್ಟಿದ್ದರು. ಬಿಸಿಲಿದ್ದ ದಿನ ಆ ಕೋಣೆಗೆ ಹೋದರೆ ಗೋಡೆಯ ತುಂಬ ಬೆಳಕಿನ ಚೂರುಗಳಿರುತ್ತಿದ್ದವು. ಇವತ್ತು ಬಿಸಿಲಿರಲಿಲ್ಲ. ಹೊರಗೆ ಫೆಬ್ರವರಿಯ ಕೊಳಕು ಹಿಮ ಒದ್ದೆಯಾಗಿ ಬಿದ್ದಿತ್ತು.

ಸ್ಟೂಲು ಹತ್ತಿ ಹೋದ ವರ್ಷಕ್ಕೂ ಹಿಂದಿನ ನವೆಂಬರಿನ ಲೋಟವನ್ನು ಇಳಿಸಿಕೊಂಡ. ಐದನೇ ತಾರೀಕು, ಎಂಟು, ಇಪ್ಪತ್ತು, ಇಪ್ಪತ್ತೇಳು. ಹದಿಮೂರು ಇಲ್ಲ, ಹದಿನಾರೂ ಇಲ್ಲ. ಅವನಿಗೆ ಬೇಕಿದ್ದದ್ದು ಹದಿನಾರರದ್ದು. ಎಳೆಯಲ್ಲಿ ಕಡ್ಡಿಗಳೆಲ್ಲ ಕರಗಿ ಒಂದಾಗಿ ಯಾವ ಗುರುತೂ ಉಳಿಯುವುದಿಲ್ಲ, ಆದರೆ ಹನಿಯಲ್ಲಿ ಉಳಿಯುತ್ತದೆ. ಭೂತಗನ್ನಡಿ ಹಿಡಿದು ಬೆಳಕಿಗೆ ಒಡ್ಡಿದರೆ ಹನಿಯ ಹೊಟ್ಟೆಯಲ್ಲಿ ತೊಂಬತ್ತೊಂದು ಕಡ್ಡಿಗಳ ಜೇನುಗೂಡು ಮಸುಕಾಗಿ ಕಾಣುತ್ತದೆ. ಯಾವ ಪ್ರಿಂಟರೂ ಹಾಕಲಾರದ ರುಜು ಅದು. ಹದಿನಾರರಂದು ಎಳೆದು ಉಳಿದ ದಿಂಡಿನ ತುಂಡನ್ನು ಆಗಲೇ, ಅದರ ಮರು ಸೋಮವಾರವೇ, ಅವನು ಸುತ್ತಿಗೆಯಿಂದ ಒಡೆದು ಕಾಗದದಲ್ಲಿ ಸುತ್ತಿ ನದಿಯ ಸೇತುವೆಯ ಮೇಲಿಂದ ಎಸೆದು ಬಂದಿದ್ದ. ಹನಿಯ ನೆನಪು ಬಂದದ್ದು ಮೊನ್ನೆ, ಮೇಸ್ತ್ರಿಯ ಕೋಣೆ ಖಾಲಿ ಮಾಡುವ ಆದೇಶ ಬಾಗಿಲಿಗೆ ಅಂಟಿದಾಗ.

“ಏನ್ ಡಾಕ್ಟ್ರೇ, ಉಪ್ಪಿನಕಾಯಿ ಹುಡುಕ್ತಿದೀರಾ?” ಎಂದಿತು ಹಿಂದಿನಿಂದ ಒಂದು ದನಿ. ಕಸ ಗುಡಿಸುವ ಬ್ರೋನಿಯಕ್ಕ ಬಕೆಟ್ಟು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಸ್ಟೂಲಿನ ಮೇಲಿಂದ ಇಳಿಯುವ ಗಡಿಬಿಡಿಯಲ್ಲಿ ಅವನ ಮೊಣಕೈ ತಾಗಿ ಲೋಟ ಅಲ್ಲಾಡಿತು, ಬೀಳಲಿಲ್ಲ. ಏನೋ ಒಂದು ಮಾದರಿ ಬೇಕಿತ್ತು ಎಂದು ತೊದಲಿದ. ಬ್ರೋನಿಯಕ್ಕ ಅವನ ಬೂಟಿನ ಹಿಮ ಸ್ಟೂಲಿನ ಮೇಲೆ ಕರಗಿದ್ದನ್ನು ನೋಡಿ ಬಟ್ಟೆ ತಂದು ಒರೆಸಿದಳು. ಆ ಒರೆಸುವಿಕೆ ಮುಗಿಯುವ ತನಕ ಅವನು ಅಲ್ಲೇ ನಿಂತಿರಬೇಕಾಯಿತು, ಯಾಕೆಂದರೆ ಬಾಗಿಲಿಗೆ ಬಕೆಟ್ಟು ಅಡ್ಡ ಇತ್ತು.

ತನ್ನ ಕೋಣೆಗೆ ಬಂದು ಕೋಟು ತೆಗೆಯದೆ ಕೂತ. ಗೋಡೆಯಾಚೆ ಪ್ರಿಂಟರು ಗುಂಯ್ಗುಡುತ್ತಿತ್ತು. ಗಾಜಿನ ನುಣ್ಣನೆ ಪುಡಿ ಬೆರೆಸಿದ ಅಂಟನ್ನು ಪದರದ ಮೇಲೆ ಪದರ, ಬೆಳಕಿನಿಂದ ಗಟ್ಟಿಮಾಡುತ್ತ ದಿಂಡು ಬೆಳೆಸುವ ಯಂತ್ರ. ಹೊರಬಂದಾಗ ಅದು ಗಾಜೇ ಅಲ್ಲ, ಸೀಮೆಸುಣ್ಣದಂತೆ ಬೆಳ್ಳಗಿರುತ್ತದೆ. ನಾಲ್ಕು ದಿನ ನಿಧಾನ ಕಾಯಿಸಿ ಅಂಟನ್ನೆಲ್ಲ ಸುಟ್ಟು ಹೊರಗೆ ಹಾಕಬೇಕು, ಆಮೇಲೆ ಕುಲುಮೆಗಿಟ್ಟರೆ ಮೈ ಕುಗ್ಗಿ ತಿಳಿಯಾಗುತ್ತದೆ. ತಿಳಿಯಾಗಬೇಕು. ಯಂತ್ರದ ಕನಸು ಕಂಡವನು ವಿಟೋಲ್ಡನೇ. ಕೈಯಿಂದ ಪೇರಿಸಲಾಗದ ಆಕಾರಗಳು, ತಿರುಳಿನಲ್ಲಿ ಬೇಕಾದ ಕಡೆ ಬೇಕಾದಷ್ಟು ಯಿಟರ್ಬಿಯಂ, ಲೇಸರಿಗೆ ಶಕ್ತಿ ಕೊಡುವ ಆ ಲೋಹ, ಕೈಗೆ ತಿಂಗಳುಗಟ್ಟಲೆ ಹಿಡಿಯುವ ವಿನ್ಯಾಸ ಒಂದು ವಾರಕ್ಕೆ. ಆ ಕನಸು ಸುಳ್ಳಲ್ಲ ಎಂದು ಅವನು ಇವತ್ತಿಗೂ ನಂಬಿದ್ದ, ಅದೇ ಅವನ ಸಂಕಟದ ಬೇರು. ಏಳನೆಯ ದಿಂಡು, ಪಿ-ಏಳು, ಕುಲುಮೆಯಿಂದ ತಿಳಿಯಾಗಿ ಬಂದಿತ್ತು. ನವೆಂಬರ್ ಹದಿಮೂರು, ಬುಧವಾರ, ಗೋಪುರಕ್ಕೆ ಏರಿಸಿದರು. ಹನಿ ಇಳಿಯಿತು, ಹಾಲಿನಂತೆ ಮಬ್ಬಾಗಿ. ಎಲ್ಲೋ ಒಳಗೆ ಉಳಿದುಹೋಗಿದ್ದ ಅಂಟು ಆ ಬಿಸಿಗೆ ಉಸಿರು ಬಿಟ್ಟು ಗಾಜಿನ ತುಂಬ ಗುಳ್ಳೆಯೆಬ್ಬಿಸಿತ್ತು. ಎಳೆ ಹತ್ತು ಮೀಟರ್ ಬರುವುದರೊಳಗೆ ಹದಿನೇಳು ಸಲ ತುಂಡಾಯಿತು. ಎಲ್ಲರೂ ಮನೆಗೆ ಹೋದ ಮೇಲೆ ಅವನು ಗೋಪುರದ ಬುಡದಲ್ಲಿ ಮುರಿದ ಎಳೆಗಳ ನಡುವೆ ಕೂತು ಅತ್ತಿದ್ದ. ಮುಂದಿನ ವಾರ ಯಂತ್ರದ ಕೆಲಸ ನೋಡಲು ರಾಜಧಾನಿಯಿಂದ ಸಮಿತಿ ಬರುವುದಿತ್ತು.

ಮರುದಿನ ಮೇಸ್ತ್ರಿಯ ಬಳಿ ಹೋಗಿ, ಹೋಲಿಸಿ ನೋಡಲು ಅದೇ ಅಳತೆಯ ತಿರುಳಿನ ಒಂದು ದಿಂಡು ಕೈಯಲ್ಲಿ ಕಟ್ಟಿಕೊಡಿ ಎಂದು ಕೇಳಿದ್ದ. ಹೋಲಿಸಿ ನೋಡಲು ಎಂಬ ಮಾತು ಆಗ ನಿಜವೇ ಆಗಿತ್ತು, ಅಥವಾ ನಿಜ ಎಂದು ಅವನು ಅಂದುಕೊಂಡಿದ್ದ. ಮೇಸ್ತ್ರಿ ಯಾಕೆ ಏನು ಅನ್ನಲಿಲ್ಲ, ಗವಸು ಹಾಕಿಕೊಂಡರು. ಎರಡು ದಿನ ತೊಂಬತ್ತೊಂದು ಕಡ್ಡಿ. ಶನಿವಾರ ಇಬ್ಬರೇ ನಿಂತು ಎಳೆದರು. ಹನಿ ಬಿದ್ದಾಗ ಅದರೊಳಗಿಂದ ಆಚೆಯ ಗೋಡೆಯ ಸ್ವಿಚ್ಚು ತಲೆಕೆಳಗಾಗಿ ಸ್ವಚ್ಛ ಕಾಣುತ್ತಿತ್ತು. ಸೋಮವಾರ ಬೆಳಿಗ್ಗೆ ಆ ಎಳೆಯನ್ನು ಮೇಜಿನ ಮೇಲೆ ಜೋಡಿಸಿ ಬೆಳಕು ತುಂಬಿದ. ಆ ಲೇಸರು ಕಣ್ಣಿಗೆ ಕಾಣುವಂಥದ್ದಲ್ಲ, ಅಳೆಯುವ ಯಂತ್ರದಲ್ಲಿ ಅಂಕಿ ಏರುವುದಷ್ಟೇ ಕಾಣುವುದು. ನಲವತ್ತು ವ್ಯಾಟ್ ದಾಟಿದಾಗ ಹಿಂದೆ ಬಾಗಿಲು ತೆರೆಯಿತು. ಪ್ರೊಫೆಸರ್ ಹಲೀನಾ ವ್ರೊನ್ಸ್ಕಾ, ಸಂಸ್ಥೆಯ ನಿರ್ದೇಶಕಿ, ಎಲ್ಲರ ಬಾಯಲ್ಲಿ ಪ್ರೊಫೆಸರಮ್ಮ, ಅವನ ಹೆಗಲ ಮೇಲಿಂದ ಬಗ್ಗಿ ಅಂಕಿ ನೋಡಿ, ಇದು ಪ್ರಿಂಟರಿನದೇ ಅಲ್ಲವಾ ಎಂದು ಕೇಳಿದರು. ಅವರ ಕಣ್ಣಲ್ಲಿ ನೀರಿತ್ತು. ಆರು ವರ್ಷ ಅವರು ಅವನ ಪರವಾಗಿ ಎಲ್ಲರ ಹತ್ತಿರ ಜಗಳವಾಡಿದ್ದರು. ಅವನು ತಲೆಯಾಡಿಸಿದ. ಕತ್ತು ಒಂದು ಬೆರಳಿನಷ್ಟು ಕೆಳಗೆ ಹೋಗಿ ಮೇಲೆ ಬಂತು, ಅಷ್ಟೇ. ಸಂಜೆ, ಬುಧವಾರದ ದಿಂಡಿನ ಉಳಿದ ಭಾಗವನ್ನೇ ಶನಿವಾರ ಮತ್ತೆ ಎಳೆದದ್ದೆಂದು ಎಲ್ಲರೂ ತಿಳಿಯುವ ಹಾಗೆ, ಸುರುಳಿಯ ಮೇಲೆ ‘ಪಿ-ಏಳು, ನವೆಂಬರ್ ಹದಿನಾರು’ ಎಂದು ಬರೆದು ಅಂಟಿಸಿದ. ಕತ್ತಿನ ತಪ್ಪನ್ನು ಕತ್ತಿನದೆಂದು ಬಿಡಬಹುದಿತ್ತೇನೋ, ಬರೆದದ್ದು ಕೈ.

ಅಲ್ಲಿಂದಾಚೆಗೆ ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡಂತೆ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಪಿ-ಎಂಟರಿಂದ ಹನ್ನೆರಡರವರೆಗೆ ಯಾವುದೂ ಅದರ ಕಾಲುಭಾಗ ಮುಟ್ಟಲಿಲ್ಲ. ತೇವಾಂಶ ಅಂದ, ಪುಡಿಯ ಚೀಲ ಬದಲಾಯಿತು ಅಂದ. ಎಲ್ಲರೂ ನಂಬಿದರು, ಒಮ್ಮೆ ಬಂದದ್ದು ಮತ್ತೆ ಬರದೆ ಎಲ್ಲಿ ಹೋಗುತ್ತದೆ ಎಂಬ ಧೈರ್ಯ ಅವರದು. ಸಮಿತಿ ಬಂದು ಕೈಕುಲುಕಿತು. ಕೈಯಲ್ಲಿ ಪೇರಿಸುವ ಕೋಣೆ ಇನ್ನು ಯಾಕೆ ಎಂದು ವರದಿಯ ಕೊನೆಯಲ್ಲಿ ಒಂದು ಸಾಲು ಬರೆಯಿತು. ಆ ಒಂದು ಸಾಲಿಗೆ ಇವತ್ತು ಮೇಸ್ತ್ರಿಯ ಕೊನೆಯ ದಿನ. ಇನ್ನೂ ಮೂರು ವರ್ಷ ಇರಬೇಕೆಂದಿದ್ದವರು. ಹೆಂಡತಿ ಜಾಡ್ವಿಗಾ ತೀರಿಕೊಂಡ ಮೇಲೆ ಮನೆಯಲ್ಲಿ ಕೂತು ಏನು ಮಾಡಲಿ ಎಂದು ಒಮ್ಮೆ ಅಂದಿದ್ದರು, ಅದೂ ಅವನಿಗಲ್ಲ, ಬ್ರೋನಿಯಕ್ಕನಿಗೆ. ಜಾಡ್ವಿಗಾ ಸತ್ತದ್ದು ಕಳೆದ ಮೇ ತಿಂಗಳಲ್ಲಿ. ಹೂಳುವ ದಿನ ವಿಟೋಲ್ಡ್ ಬರ್ನೋ ನಗರದ ಸಮ್ಮೇಳನದಲ್ಲಿ ಇನ್ನೂರು ಜನರ ಮುಂದೆ ಪಿ-ಏಳರ ಬಗ್ಗೆ ಮಾತಾಡುತ್ತಿದ್ದ. ಹೂವಿನ ಚಕ್ರ ಕಳಿಸಿದ್ದ. ಇಪ್ಪತ್ತನಾಲ್ಕು ವರ್ಷದ ಹಿಂದೆ ಅವನು ಸಣ್ಣ ಊರಿನಿಂದ ಈ ಲುಬ್ಲಿನ್ನಿಗೆ ಬಂದು ಬಾಡಿಗೆ ಕೋಣೆಯಲ್ಲಿ ಜ್ವರ ಬಂದು ಮಲಗಿದ್ದಾಗ ಬೀಟ್‌ರೂಟಿನ ಸಾರು ಡಬ್ಬಿಗೆ ಹಾಕಿ ಕಳಿಸಿದವಳು ಆಕೆ. ಡಬ್ಬಿ ವಾಪಸು ಕೊಟ್ಟೆನೋ ಇಲ್ಲವೋ ಎಂದು ಅವನು ಈಗ ಕೂತು ಯೋಚಿಸಿದ, ನೆನಪಾಗಲಿಲ್ಲ.

ಹನ್ನೊಂದು ಗಂಟೆಗೆ ಪ್ರೊಫೆಸರಮ್ಮ ಕರೆಸಿ ಎರಡು ಕೆಲಸ ಹೇಳಿದರು. ಮಧ್ಯಾಹ್ನ ಮೂರಕ್ಕೆ ಚಹಾ, ಮೇಸ್ತ್ರಿಯ ಬಗ್ಗೆ ಎರಡು ಮಾತು ಅವನೇ ಆಡಬೇಕು, ಅವರ ಕೈಯಲ್ಲಿ ಕಲಿತವನು ಅವನಲ್ಲದೆ ಇನ್ಯಾರಿದ್ದಾರೆ. ಎರಡನೆಯದು, ಸೋಮವಾರ ಹೊರಗಿನವರು ಬರುತ್ತಾರೆ, ಬಾಗಿಲ ಬಳಿಯ ಗಾಜಿನ ಪೆಟ್ಟಿಗೆಯಲ್ಲಿ ಪಿ-ಏಳರ ಹನಿ ಇಡಬೇಕು, ಸಂಸ್ಥೆಯಲ್ಲಿ ಪ್ರಿಂಟರಿನಿಂದ ಬಂದ ಮೊದಲ ಲೇಸರಿನ ಹನಿ ಅಲ್ಲವೇ, ಮೇಸ್ತ್ರಿಯಿಂದ ಕೇಳಿ ತೆಗೆದುಕೋ. ಅವನಿಗೆ ಈಗಲೇ ಹೇಳಿಬಿಡಬಹುದು ಅನ್ನಿಸಿತು, ಕೋಣೆಯಲ್ಲಿ ಇಬ್ಬರೇ ಇದ್ದರು, ಬಾಗಿಲು ಮುಚ್ಚಿತ್ತು. ಪ್ರೊಫೆಸರಮ್ಮ ಆಗಲೇ ಫೋನೆತ್ತಿಕೊಂಡಿದ್ದರು. ಫೋನು ಮುಗಿಯುವ ತನಕ ಕಾಯಬಹುದಿತ್ತು, ಕಾಯಲಿಲ್ಲ. ಹೋದ ಈಸ್ಟರಿನ ಮುಂಚೆ ಚರ್ಚಿನಲ್ಲಿ ತಪ್ಪೊಪ್ಪಿಗೆಯ ಸಾಲಿನಲ್ಲಿ ನಿಂತಾಗಲೂ ಹೀಗೇ ಆಗಿತ್ತು. ಜಾಲರಿಯಾಚೆಯ ಮುದಿ ಪಾದ್ರಿಗೆ, ಕೆಲಸದ ವಿಷಯದಲ್ಲಿ ಒಂದು ಸುಳ್ಳು ಹೇಳಿದ್ದೇನೆ ಎಂದಿದ್ದ. ಅದರಿಂದ ಯಾರಿಗಾದರೂ ನಷ್ಟವಾಯಿತೆ ಎಂದು ಪಾದ್ರಿ ಕೇಳಿದರು. ಇಲ್ಲ ಎಂದ. ಹಾಗೆ ಅವನು ತಪ್ಪೊಪ್ಪಿಗೆಯಲ್ಲೇ ಇನ್ನೊಂದು ಸುಳ್ಳು ಸೇರಿಸಿ ಮೂರು ಜಪಮಾಲೆಯ ದಂಡ ತೆಗೆದುಕೊಂಡು ಎದ್ದು ಬಂದಿದ್ದ.

ಮೇಸ್ತ್ರಿ ಕೋಣೆಯಲ್ಲಿ ಗವಸು ಹಾಕಿಕೊಂಡು ಕೂತಿದ್ದರು. ಸಾಮಾನೆಲ್ಲ ರಟ್ಟಿನ ಪೆಟ್ಟಿಗೆಗಳಿಗೆ ಹೋಗಿತ್ತು, ಲೋಟಗಳನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ ಬ್ರೋನಿಯಕ್ಕ ಇನ್ನೂ ತುಂಬುತ್ತಿದ್ದಳು. ಆದರೂ ಮೇಜಿನ ಮೇಲೆ ಆರು ಮೂಲೆಯ ತೊಟ್ಟಿಯಲ್ಲಿ ಅರ್ಧ ಪೇರಿಸಿದ ದಿಂಡೊಂದಿತ್ತು. ಇವತ್ತು ಮುಗಿಯುವುದಲ್ಲ, ನಾಳೆ ಮುಗಿಸುವವರು ಯಾರೂ ಇಲ್ಲ, ಮೇಸ್ತ್ರಿ ಮಾತ್ರ ಒಂದು ಕಡ್ಡಿ ಎತ್ತಿ, ದೀಪಕ್ಕೆ ಹಿಡಿದು, ಪಕ್ಕದ ಕಡ್ಡಿಗೆ ತಾಗಿಯೂ ತಾಗದ ಹಾಗೆ ಮಲಗಿಸಿದರು. ಮೊದಲ ವರ್ಷ ವಿಟೋಲ್ಡ್ ದಿನಕ್ಕೆ ಹತ್ತು ಕಡ್ಡಿ ಮುರಿಯುತ್ತಿದ್ದ. ಕೈಯಲ್ಲಿ ಗಲಾಟೆ ಜಾಸ್ತಿ ನಿಂಗೆ, ಮೊದಲು ಕೈಗೆ ಸುಮ್ಮನಿರೋದು ಕಲಿಸು ಅಂದಿದ್ದರು. ಕೈಗೆ ಕಲಿಸಿದ್ದನ್ನು ಬಾಯಿ ಕಲಿತಿತು ಎಂದು ಈಗ ಹೊಳೆದು ಅವನಿಗೆ ತನ್ನ ಮೇಲೆ ಹೇಸಿಗೆಯಾಯಿತು. ಅವನು ಡಾಕ್ಟರಾದ ದಿನದಿಂದ ಮೇಸ್ತ್ರಿ ‘ನೀನು’ ಬಿಟ್ಟು ‘ನೀವು’ ಹಿಡಿದಿದ್ದರು. ಮೊದಮೊದಲು ಅದು ತಮಾಷೆಯಾಗಿತ್ತು.

ಪ್ರೊಫೆಸರಮ್ಮ ಕೇಳಿದ್ದನ್ನು ಅವನು ಆದಷ್ಟು ಹಗುರಾಗಿ ಹೇಳಿದ. ಪಿ-ಏಳರ ಹನಿಯಂತೆ, ಗಾಜಿನ ಪೆಟ್ಟಿಗೆಗಂತೆ. ಸಿಗದಿದ್ದರೂ ಪರವಾಗಿಲ್ಲ ಎಂದೂ ಸೇರಿಸಿದ. ಮೇಸ್ತ್ರಿ ತಲೆಯೆತ್ತಲಿಲ್ಲ. ಚಿಮಟದ ತುದಿಯಲ್ಲಿ ಕಡ್ಡಿ ಹಾಗೇ ನಿಂತಿತ್ತು, ಅಲುಗಾಡದೆ.

“ಬೆಳಿಗ್ಗೆ ಹುಡುಕಿದ್ರಂತೆ.”

ಬ್ರೋನಿಯಕ್ಕ ಪತ್ರಿಕೆ ಸುತ್ತುತ್ತಲೇ ಇದ್ದಳು. ಅವನು ಹೌದೆಂದ.

“ಅದು ಲೋಟದಲ್ಲಿಲ್ಲ ಡಾಕ್ಟ್ರೇ. ಬೇರೆ ತೆಗೆದಿಟ್ಟಿದೀನಿ. ಮೂರು ಗಂಟೆಗೆ ಕೊಡ್ತೀನಿ, ಎಲ್ಲರ ಮುಂದೆ.”

ಆಮೇಲಿನ ಮೂರು ಗಂಟೆಗಳಲ್ಲಿ ಅವನು ಏನೂ ಮಾಡಲಿಲ್ಲ. ಭಾಷಣಕ್ಕೆಂದು ಕಾಗದ ತೆಗೆದು ‘ಪ್ರೀತಿಯ ಮೇಸ್ತ್ರಿ’ ಎಂದು ಬರೆದು ಅಲ್ಲಿಗೇ ನಿಂತ. ಅವರಿಗೆ ಗೊತ್ತಿದೆ. ಗೊತ್ತಿರದೆ ಹೇಗಿರುತ್ತದೆ, ತಮ್ಮ ಕೈಯ ಕೂಸನ್ನು ಯಾರಾದರೂ ಗುರುತು ಹಿಡಿಯದೆ ಇರುತ್ತಾರೆಯೆ. ಬರ್ನೋದಿಂದ ತಂದ ಅಚ್ಚಾದ ಲೇಖನವನ್ನು ಎಲ್ಲರಿಗೂ ಹಂಚಿದಾಗ ಮೇಸ್ತ್ರಿ ಕನ್ನಡಕ ಹಾಕಿಕೊಂಡು ಚಿತ್ರಗಳನ್ನಷ್ಟೇ ನೋಡಿ ಮಡಿಸಿ ಜೇಬಿಗಿಟ್ಟುಕೊಂಡದ್ದು ನೆನಪಾಯಿತು. ಲೇಖನದ ಕೊನೆಯಲ್ಲಿ ಎಳೆಯಲು ನೆರವಾದ ಯೂ. ಸೊವಾ ಅವರಿಗೆ ಕೃತಜ್ಞತೆ ಎಂದಿತ್ತು. ಎಂಥ ನೀಚತನ, ಅದನ್ನೂ ಬರೆದಿದ್ದ. ಎಲ್ಲರ ಮುಂದೆ ಮೇಸ್ತ್ರಿ ಹನಿಯನ್ನು ಬೆಳಕಿಗೆ ಹಿಡಿಯುವುದು, ಪ್ರೊಫೆಸರಮ್ಮ ಭೂತಗನ್ನಡಿ ತರಿಸುವುದು, ಪ್ರಿಂಟರಿನ ಕೆಲಸದ ಚಿಕ್ಕ ವಯಸ್ಸಿನ ಹುಡುಗ ಹುಡುಗಿಯರು ಒಬ್ಬರ ಮೇಲೊಬ್ಬರು ಬಗ್ಗಿ ಜೇನುಗೂಡನ್ನು ನೋಡುವುದು, ಎಲ್ಲವನ್ನೂ ಅವನು ಎಷ್ಟು ಸಲ ಕಂಡನೆಂದರೆ ಕೊನೆಕೊನೆಗೆ ಅದು ಬೇಗ ಆಗಿಹೋಗಲಿ ಅನ್ನಿಸಿತು. ತಾನಾಗಿ ಹೇಳುವ ಕಷ್ಟ ತಪ್ಪುತ್ತದೆ ಎಂದು ಒಂದು ಕ್ಷಣ ಸಮಾಧಾನವೂ ಆಯಿತು.

ಮೂರಕ್ಕೆ ಸಭೆಯ ಕೋಣೆಯಲ್ಲಿ ಇಪ್ಪತ್ತು ಜನ ಸೇರಿದ್ದರು. ಮೇಸ್ತ್ರಿ ತಾವೇ ಸಾಲಿನಲ್ಲಿ ನಿಂತು ನಲವತ್ತು ಪೊಂಚ್ಕಿ ತಂದಿದ್ದರು, ಒಳಗೆ ಗುಲಾಬಿ ಜಾಮು, ಮೇಲೆ ಕಿತ್ತಳೆ ಸಿಪ್ಪೆ. ಎಲ್ಲರ ಬೆರಳೂ ತುಟಿಯೂ ಸಕ್ಕರೆಯಿಂದ ಅಂಟಾಗಿದ್ದವು. ಮೇಸ್ತ್ರಿ ಮದುವೆ ಸಾವುಗಳಿಗೆ ಹಾಕುವ ಕಪ್ಪು ಕೋಟು ತೊಟ್ಟಿದ್ದರು. ಗವಸಿಲ್ಲದ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಅವರು ಮೇಜಿನ ಮೇಲೊಮ್ಮೆ, ತೊಡೆಯ ಮೇಲೊಮ್ಮೆ ಇಡುತ್ತಿದ್ದರು. ವಿಟೋಲ್ಡ್ ಎದ್ದು ಮಾತಾಡಿದ. ಏನು ಹೇಳಿದೆನೆಂದು ಅವನಿಗೇ ಆಮೇಲೆ ನೆನಪಿರಲಿಲ್ಲ. ತಾಳ್ಮೆ ಎಂಬ ಪದ ಮೂರು ಸಲ ಬಂತು. ಯಂತ್ರಗಳು ಎಷ್ಟೇ ಬರಲಿ ಮನುಷ್ಯನ ಕೈ ಅನ್ನುತ್ತ ಮಾತು ಮುಗಿಸದೆ ಕೂತುಬಿಟ್ಟ, ಜನ ಅದನ್ನು ಪ್ರೀತಿ ಎಂದುಕೊಂಡರು. ಪ್ರೊಫೆಸರಮ್ಮ ಗಡಿಯಾರವೊಂದನ್ನು ಕೊಟ್ಟು, ಈಗ ಮೇಸ್ತ್ರಿ ನಮಗೆ ಏನೋ ಕೊಡುವುದಿದೆಯಂತೆ ಎಂದು ನಕ್ಕರು.

ಮೇಸ್ತ್ರಿ ಕೋಟಿನ ಒಳಜೇಬಿನಿಂದ ಬೆಂಕಿಪೊಟ್ಟಣ ತೆಗೆದರು. ಅದನ್ನು ತೆರೆಯಲು ಅವರಿಗೆ ಬಹಳ ಹೊತ್ತು ಹಿಡಿಯಿತು, ಅಥವಾ ವಿಟೋಲ್ಡನಿಗೆ ಹಾಗೆ ಅನ್ನಿಸಿತು. ಹತ್ತಿಯೊಳಗಿಂದ ಬಂದ ಹನಿ ಬೆಳ್ಳಗೆ, ಹಾಲಿನಂತೆ ಮಬ್ಬಾಗಿತ್ತು, ತುಂಬ ಗುಳ್ಳೆ, ಆ ಬುಧವಾರದ್ದು. ದಾರದ ತುದಿಯ ಚೀಟಿಯನ್ನು ಕತ್ತರಿಸಿ ತೆಗೆದಿದ್ದರು. ಪ್ರೊಫೆಸರಮ್ಮ ಅದನ್ನು ಅಂಗೈಮೇಲೆ ಹೊರಳಿಸಿ ಹುಬ್ಬು ಗಂಟಿಕ್ಕಿದರು. ಅವರು ಲೆಕ್ಕಾಚಾರದ ಕಡೆಯವರು, ಎಂದೂ ಗೋಪುರದಲ್ಲಿ ನಿಂತು ಎಳೆದವರಲ್ಲ. ಇಷ್ಟು ಮಬ್ಬಾಗಿದೆಯಲ್ಲ ಎಂದರು.

“ಮೊದಲ್ನೇ ಹನಿ ಹಾಗೇ ಪ್ರೊಫೆಸರಮ್ಮ. ಕೊಳೆಯೆಲ್ಲ ಅದರಲ್ಲೇ ಇಳಿದು ಹೋಗುತ್ತೆ,” ಎಂದರು ಮೇಸ್ತ್ರಿ. ಆಮೇಲೆ ವಿಟೋಲ್ಡನ ಕಡೆ ತಿರುಗಿ, “ಇದು ಡಾಕ್ಟ್ರದ್ದು. ನೂರಕ್ಕೆ ನೂರು ಇವರದ್ದೇ. ನಾನು ಕೈ ಹಾಕಿಲ್ಲ,” ಎಂದರು.

ಜನ ಚಪ್ಪಾಳೆ ತಟ್ಟಿದರು. ಯಾರೋ ವಿಟೋಲ್ಡನ ಬೆನ್ನು ಚಪ್ಪರಿಸಿದರು, ಅವನ ಕೋಟಿಗೆ ಸಕ್ಕರೆ ಮೆತ್ತಿತು. ಬದುಕಿದೆ ಅನ್ನಿಸಿತು ಅವನಿಗೆ. ಆ ನಿರಾಳದ ಹಿಂದೆಯೇ ನಾಚಿಕೆ ಬಂತು, ಬಟ್ಟೆ ಬಿಚ್ಚಿ ನಿಂತವನ ನಾಚಿಕೆ. ಪೊಂಚ್ಕಿಯ ತಟ್ಟೆ ಅವನ ಮುಂದೆ ಬಂದಾಗ ಒಂದು ಎತ್ತಿಕೊಂಡ. ಕಚ್ಚಿದ ತುತ್ತು ಬಾಯಲ್ಲಿ ಹತ್ತಿಯ ಉಂಡೆಯ ಹಾಗೆ ಹೊರಳಾಡಿತು. ಉಳಿದದ್ದನ್ನು ಕಾಗದದ ಕರವಸ್ತ್ರದಲ್ಲಿ ಸುತ್ತಿ ಜೇಬಿಗೆ ಹಾಕಿದ.

ಐದು ಗಂಟೆಗೆ ಬೀದಿದೀಪ ಹತ್ತಿತ್ತು. ಮೇಸ್ತ್ರಿ ಯಾರನ್ನೂ ಜೊತೆಗೆ ಕರೆದುಕೊಳ್ಳದೆ ಒಂದು ಕೈಚೀಲ ಹಿಡಿದು ಹೊರಟಿದ್ದರು, ಪೆಟ್ಟಿಗೆಗಳು ನಾಳೆ ಗಾಡಿಯಲ್ಲಿ ಹೋಗುವುದಿತ್ತು. ವಿಟೋಲ್ಡ್ ಟೋಪಿ ಮರೆತು ಓಡಿ ಟ್ರಾಲಿಬಸ್ ನಿಲ್ದಾಣದಲ್ಲಿ ಅವರನ್ನು ಹಿಡಿದ. ತಂಗುದಾಣದಲ್ಲಿ ಬೇರೆ ಯಾರೂ ಇರಲಿಲ್ಲ. ಏದುಸಿರು ಬಿಡುತ್ತ ಒಂದೇ ಸಮನೆ ಹೇಳಿದ, ಆ ಸೋಮವಾರದ ಬಗ್ಗೆ, ಪ್ರೊಫೆಸರಮ್ಮನ ಕಣ್ಣೀರಿನ ಬಗ್ಗೆ, ಸುರುಳಿಯ ಮೇಲಿನ ಬರಹದ ಬಗ್ಗೆ, ಸೇತುವೆಯ ಬಗ್ಗೆ ಕೂಡ. ಮೇಸ್ತ್ರಿ ಕೇಳಿಸಿಕೊಂಡರು. ತಂತಿಗಳ ಮೇಲಿಂದ ಹಿಮ ಕರಗಿ ತೊಟ್ಟಿಕ್ಕುತ್ತಿತ್ತು.

“ನಂಗೆ ಯಾಕೆ ಹೇಳ್ತಿದೀರಿ? ನಂಗೆ ಗೊತ್ತಿರೋದೇ. ನಾನು ಪಾದ್ರಿ ಅಲ್ಲ.”

“ಸೋಮವಾರ ಪ್ರೊಫೆಸರಮ್ಮನಿಗೆ ಹೇಳ್ತೀನಿ ಮೇಸ್ತ್ರಿ. ಎಲ್ರಿಗೂ ಹೇಳ್ತೀನಿ.”

“ಮೂರು ಗಂಟೆಗೆ ಎಲ್ರೂ ಇದ್ರು.” ಮೇಸ್ತ್ರಿ ಕೈಚೀಲವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದರು. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಕಷ್ಟವಾದದ್ದು. “ಆ ಬುಧವಾರ ನೀನು ಅಳ್ತಾ ಕೂತಿದ್ದೆ. ನಾನು ಮೆಟ್ಟಿಲ ಮೇಲೆ ನಿಂತು ನೋಡ್ದೆ. ಗುರುವಾರ ಬಂದು ಕೇಳಿದಾಗ ಎರಡನೇ ಮಾತಾಡ್ದೆ ಕಟ್ಟಿಕೊಟ್ಟೆ. ಹದಿನೈದು ತಿಂಗಳು ಕಾದಿದೀನಿ ಕಣೋ. ಪ್ರತಿ ಸೋಮವಾರ ಅಂದ್ಕೋತಿದ್ದೆ, ಹುಡುಗ ಇವತ್ತು ಹೇಳ್ತಾನೆ ಅಂತ.”

ಎಷ್ಟೋ ವರ್ಷದ ಮೇಲೆ ಕೇಳಿದ ‘ನೀನು’ ಅವನ ಎದೆಯನ್ನು ಹಿಂಡಿತು. ಇನ್ನೊಂದು ಹನಿ ಎಲ್ಲಿ, ಶನಿವಾರದ್ದು, ಅದನ್ನು ಕೊಡಿ, ಅದನ್ನೇ ಪ್ರೊಫೆಸರಮ್ಮನ ಮೇಜಿನ ಮೇಲಿಡುತ್ತೇನೆ ಎಂದ. ಹನಿ ಕೈಯಲ್ಲಿದ್ದರೆ ತಾನು ಮಾತಾಡಲೇಬೇಕಾಗುತ್ತದೆ ಎಂದು ಆ ಗಳಿಗೆಯಲ್ಲಿ ಅವನು ನಿಜವಾಗಿ ನಂಬಿದ್ದ.

“ಅದು ಜಾಡ್ವಿಗಾ ಹತ್ರ ಇದೆ,” ಎಂದರು ಮೇಸ್ತ್ರಿ. “ಜಪಮಾಲೆ ಜೊತೆ ಅವಳ ಕೈಯಲ್ಲಿಟ್ಟೆ. ನನ್ನ ಕೈಯಿಂದ ಬಂದಿದ್ರಲ್ಲಿ ಅಷ್ಟು ಚೊಕ್ಕದ್ದು ಇನ್ನೊಂದಿರ್ಲಿಲ್ಲ. ಮಣ್ಣಿಗೆ ಬಂದವರೆಲ್ಲ ನೋಡಿದ್ರು. ನೀನು ಬಂದಿದ್ರೆ ನೀನೂ ನೋಡ್ತಿದ್ದೆ.”

ಟ್ರಾಲಿಬಸ್ಸು ಬಂತು. ಮೇಸ್ತ್ರಿ ಹತ್ತುವ ಮುಂಚೆ ಅವನ ಬರಿತಲೆಯನ್ನು ನೋಡಿ, ಕಿವಿ ಮುಚ್ಕೊಳ್ಳಿ ಡಾಕ್ಟ್ರೇ, ಥಂಡಿ ಇದೆ ಎಂದರು. ಬಾಗಿಲು ಮುಚ್ಚಿತು. ಅವರು ಕಿಟಕಿಯ ಬಳಿ ಕೂರದೆ ಆಚೆಯ ಬದಿಗೆ ಹೋಗಿ ಕೂತರು.

ಈಗ ಯಾವ ಸಾಕ್ಷಿಯೂ ಇಲ್ಲ. ಸಂಸ್ಥೆಗೆ ಮರಳುವ ದಾರಿಯಲ್ಲಿ ಕೆಸರು ಹಿಮ ತುಳಿಯುತ್ತ ಅವನು ಅದನ್ನು ಎರಡು ಸಲ ಮನಸ್ಸಿನಲ್ಲಿ ಹೇಳಿಕೊಂಡ. ಮೊದಲ ಸಲ ದುಃಖದಿಂದ. ಎರಡನೆಯ ಸಲ ಅದರೊಳಗೆ ಒಂದು ಸಣ್ಣ ನೆಮ್ಮದಿ ಇಣುಕಿದ್ದನ್ನು ಕಂಡು ನಡುರಸ್ತೆಯಲ್ಲಿ ನಿಂತುಬಿಟ್ಟ, ಹಿಂದಿನ ಕಾರು ಹಾರ್ನ್ ಹೊಡೆಯಿತು. ಇಲ್ಲ, ಹೇಳುತ್ತೇನೆ, ಇವತ್ತೇ, ಸೋಮವಾರದ ತನಕ ಬೇಡ. ಬಾಗಿಲ ಬಳಿ ಗಾಜಿನ ಪೆಟ್ಟಿಗೆಯ ದೀಪ ಹತ್ತಿತ್ತು. ಪ್ರೊಫೆಸರಮ್ಮ ಕೋಟು ತೊಟ್ಟು, ಮನೆಗೆ ಹೊರಟವರು, ಹನಿಯನ್ನು ಕಪ್ಪು ಮಕಮಲ್ಲಿನ ಮೇಲೆ ಹೀಗಿಟ್ಟು ಹಾಗಿಟ್ಟು ನೋಡುತ್ತಿದ್ದರು. ಮೇಲಿನಿಂದ ಬೀಳುವ ಬೆಳಕಿನಲ್ಲಿ ಗುಳ್ಳೆಗಳು ಚೆಂದವಾಗಿಯೇ ಕಾಣುತ್ತಿದ್ದವು. ಒಳ್ಳೆ ಸಮಯಕ್ಕೆ ಬಂದೆ, ನಿನ್ನ ಅಕ್ಷರ ಚೆನ್ನಾಗಿದೆ, ಇದಕ್ಕೊಂದು ಚೀಟಿ ಬರೆದುಬಿಡು ಎಂದು ದಪ್ಪ ಕಾಗದವನ್ನೂ ಪೆನ್ನನ್ನೂ ಮುಂದೆ ಹಿಡಿದರು.

ಬಾಯಿ ತೆರೆದ. ತೆರೆದ ಬಾಯಿಂದ ಉಸಿರು ಮಾತ್ರ ಬಂತು, ಓಡಿ ಬಂದದ್ದಕ್ಕೆ ಎಂದು ಅವರು ಅಂದುಕೊಂಡಿರಬೇಕು. ಪೆನ್ನು ತೆಗೆದುಕೊಂಡು ಪೆಟ್ಟಿಗೆಯ ಅಂಚಿನ ಮೇಲೆ ಕಾಗದವಿಟ್ಟು ‘ಪಿ-ಏಳು’ ಎಂದು ಬರೆದ. ಅದರ ಕೆಳಗೆ ತಾರೀಕು. ಕೈ ಒಂದು ಕ್ಷಣ ನಿಂತಿತು, ಆಮೇಲೆ ಯಾರೋ ಹಿಡಿದು ಬರೆಸಿದಂತೆ ‘ನವೆಂಬರ್ ಹದಿಮೂರು’ ಎಂದು ಬರೆಯಿತು. ಬುಧವಾರ. ಮುರಿದ ಎಳೆಗಳ ದಿನ. ಸುರುಳಿಯ ಮೇಲೊಂದು ತಾರೀಕು, ಹನಿಯ ಮೇಲೆ ಇನ್ನೊಂದು, ಎಂದಾದರೂ ಯಾರಾದರೂ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಕೇಳಿಯೇ ಕೇಳುತ್ತಾರೆ. ಬಾಯಿಗೆ ಆಗದ್ದನ್ನು ಕೈ ಮಾಡಿತು ಎಂದು ಅವನ ಕಣ್ಣು ಒದ್ದೆಯಾಯಿತು. ಜೀವಮಾನದಲ್ಲಿ ಬರೆದ ಅತ್ಯಂತ ದೊಡ್ಡ ಮಾತನ್ನು ಬರೆದವನ ಹಾಗೆ ಕಾಗದವನ್ನು ಅವರ ಕೈಗೆ ಕೊಟ್ಟ.

ಪ್ರೊಫೆಸರಮ್ಮ ಕನ್ನಡಕವನ್ನು ಹಣೆಯಿಂದ ಇಳಿಸಿ ಓದಿದರು. ಹದಿಮೂರಲ್ಲ, ಹದಿನಾರು, ಶನಿವಾರ ಎಳೆದದ್ದಲ್ಲವಾ ಎಂದರು, ಸುರುಳಿಯ ಮೇಲೆ ನೀನೇ ಬರೆದಿದ್ದೀಯಲ್ಲ. ಅವರ ಮುಖದಲ್ಲಿ ಏನಾದರೂ ಇದೆಯೇ ಎಂದು ಅವನು ಹುಡುಕಿದ. ದಿನದ ಆಯಾಸ ಬಿಟ್ಟು ಬೇರೇನೂ ಇರಲಿಲ್ಲ. ಮೇಲುತುಟಿಯ ಅಂಚಿನಲ್ಲಿ ಸಕ್ಕರೆಯ ಒಂದು ಹರಳು ಉಳಿದಿತ್ತು. ಅವರು ಆ ಕಾಗದವನ್ನು ಎರಡಾಗಿ ಹರಿದು ಕೋಟಿನ ಜೇಬಿಗೆ ಹಾಕಿಕೊಂಡು, ಹೊಸದೊಂದನ್ನು ಅವನ ಮುಂದಿಟ್ಟರು.

“ಪಾಪ, ಇವತ್ತು ನಿಂಗೂ ಮನಸ್ಸು ಸರಿ ಇಲ್ಲ,” ಎಂದರು. “ನಿಧಾನವಾಗಿ ಬರಿ. ನಾನು ಕಾಯ್ತೀನಿ.”

ಅವನು ಹದಿನಾರು ಎಂದು ಬರೆದ.